ಕಾರ್ಖಾನೆಯ ಗೇಟಿಗೆ ಕಟ್ಟಿದ ಬದುಕು

1970ರ ಮೇ 9ರ ರಾತ್ರಿ ಅಮೆರಿಕದ ಮಿಷಿಗನ್ ರಾಜ್ಯದ ಪೆಲ್‌ಸ್ಟನ್ ವಿಮಾನ ನಿಲ್ದಾಣದ ಸಮೀಪ ಸಣ್ಣ ವಿಮಾನವೊಂದು ಮರಗಳಿಗೆ ಬಡಿದು ಉರಿದುಹೋಯಿತು. ಅದರಲ್ಲಿದ್ದ ಆರು ಮಂದಿಯೂ ಸತ್ತರು. ಅವರಲ್ಲೊಬ್ಬರು ಮೋಟಾರು ಕಾರ್ಮಿಕರ ಸಂಘವಾದ ಯುನೈಟೆಡ್ ಆಟೊ ವರ್ಕರ್ಸ್‌ನ ಅಧ್ಯಕ್ಷ ವಾಲ್ಟರ್ ರೂಥರ್. ಪಕ್ಕದಲ್ಲಿ ಪತ್ನಿ ಮೇ ಇದ್ದರು. ಕಾರ್ಮಿಕ ಕುಟುಂಬಗಳು ಬಂದು ತಂಗಿ ಕಲಿಯಲೆಂದು ಸಂಘವು ಬ್ಲ್ಯಾಕ್ ಲೇಕ್‌ನಲ್ಲಿ ಕಟ್ಟಿಸುತ್ತಿದ್ದ ಶಿಕ್ಷಣ ಕೇಂದ್ರವನ್ನು ನೋಡಲು ಅವರು ಹೊರಟಿದ್ದರು.

ನಾನು ಈ ಹೆಸರನ್ನು ಮೊದಲು ಕೇಳಿದ್ದು ಎಂ.ಎ. ಅರ್ಥಶಾಸ್ತ್ರದ ತರಗತಿಯಲ್ಲಿ, 1982ರಲ್ಲಿ. ಆ ವರ್ಷದ ಕೊನೆಗೆ ಮಿಷಿಗನ್‌ನಲ್ಲಿ ನಿರುದ್ಯೋಗ ಶೇ 16ನ್ನು ದಾಟಿತ್ತು. ಸಾಮೂಹಿಕ ಚೌಕಾಸಿ ಎಂಬ ಅಧ್ಯಾಯ ಬಂದಾಗ ನಮ್ಮ ಮೇಷ್ಟ್ರು ರೂಥರ್ ಮಾಡಿಕೊಂಡ ಒಪ್ಪಂದಗಳನ್ನು ವಿವರಿಸಿದ್ದರು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆ ಮನುಷ್ಯನ ಬದುಕು ನನಗೆ ಅರ್ಥವಾದದ್ದು ಮಾತ್ರ ಬಹಳ ತಡವಾಗಿ, ಸರ್ಕಾರಿ ಸೇವೆಯ ನಡುವೆ.

ರೂಥರ್ ಹುಟ್ಟಿದ್ದು 1907ರಲ್ಲಿ, ವೆಸ್ಟ್ ವರ್ಜೀನಿಯಾದ ವ್ಹೀಲಿಂಗ್ ಎಂಬ ಉಕ್ಕಿನ ಊರಿನಲ್ಲಿ. ಜರ್ಮನಿಯಿಂದ ವಲಸೆ ಬಂದಿದ್ದ ತಂದೆ ವ್ಯಾಲೆಂಟೈನ್ ಬಿಯರ್ ಕಾರ್ಖಾನೆಯ ಗಾಡಿ ಓಡಿಸುತ್ತಿದ್ದವರು. ಸಮಾಜವಾದಿ, ಕಾರ್ಮಿಕ ಸಂಘಟಕ. ಮನೆಯಲ್ಲಿ ಮಕ್ಕಳಿಗೆ ಸಾರ್ವಜನಿಕ ವಿಷಯಗಳ ಮೇಲೆ ಚರ್ಚಾಸ್ಪರ್ಧೆ ನಡೆಸುವುದು ಅವರ ರೂಢಿಯಾಗಿತ್ತು. ಶಾಲೆಯನ್ನು ಅರ್ಧಕ್ಕೇ ಬಿಟ್ಟ ವಾಲ್ಟರ್, ಅಚ್ಚು ಮತ್ತು ಉಪಕರಣ ತಯಾರಿಸುವ ಟೂಲ್ ಅಂಡ್ ಡೈ ಕಸುಬನ್ನು ಕಲಿತು 1927ರಲ್ಲಿ ಡೆಟ್ರಾಯಿಟ್‌ಗೆ ಬಂದರು. ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಹೈಸ್ಕೂಲು ಮುಗಿಸಿದರು, ಕಾಲೇಜು ಮೆಟ್ಟಿಲನ್ನೂ ಹತ್ತಿದರು. ಮಹಾ ಕುಸಿತದ ದಿನಗಳಲ್ಲಿ, 1932ರಲ್ಲಿ ಆ ಕೆಲಸ ಹೋಯಿತು.

ತಮ್ಮ ವಿಕ್ಟರ್ ಜೊತೆ ಯುರೋಪಿಗೆ ಹೊರಟ ಅವರು ಸೋವಿಯತ್ ಒಕ್ಕೂಟದ ಗೋರ್ಕಿ ನಗರದ ಮೋಟಾರು ಕಾರ್ಖಾನೆಯಲ್ಲಿ ದುಡಿದು, ಮಧ್ಯ ಏಷ್ಯಾ, ಚೀನಾ, ಜಪಾನ್ ಸುತ್ತಿ 1935ರಲ್ಲಿ ಊರಿಗೆ ಮರಳಿದರು. ಮರುವರ್ಷದ ಕೊನೆಗೆ ಫ್ಲಿಂಟ್ ನಗರದ ಜನರಲ್ ಮೋಟಾರ್ಸ್ ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು ಮುಷ್ಕರ ಹೂಡಿದರು. 44 ದಿನಗಳ ಆ ಹೋರಾಟದ ಮುಂಚೂಣಿಯಲ್ಲಿ ವಾಲ್ಟರ್ ಅವರ ತಮ್ಮಂದಿರಾದ ರಾಯ್ ಮತ್ತು ವಿಕ್ಟರ್ ಇದ್ದರು. 1937ರ ಫೆಬ್ರುವರಿಯಲ್ಲಿ ಕಂಪನಿ ಸಂಘವನ್ನು ಮಾನ್ಯ ಮಾಡಿತು.

ಅದೇ ವರ್ಷದ ಮೇ 26ರಂದು ಫೋರ್ಡ್‌ನ ರೂಜ್ ಕಾರ್ಖಾನೆಯ ಮೇಲ್ಸೇತುವೆಯಲ್ಲಿ ಕರಪತ್ರ ಹಂಚಲು ಹೋದ ವಾಲ್ಟರ್ ಮತ್ತು ಸಂಗಡಿಗರನ್ನು ಕಂಪನಿಯ ಕಾವಲು ಪಡೆ ಥಳಿಸಿ ಮೆಟ್ಟಿಲುಗಳಿಂದ ಕೆಳಕ್ಕೆ ಉರುಳಿಸಿತು. ನೆತ್ತರು ಒಸರುತ್ತಿದ್ದ ಅವರ ಮುಖದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಫೋರ್ಡ್ ಮಣಿಯಲು 1941ರವರೆಗೆ ಕಾಯಬೇಕಾಯಿತು.

ರೂಥರ್ ಬರಿಯ ಕೂಲಿಯ ಲೆಕ್ಕಾಚಾರದ ನಾಯಕರಾಗಿರಲಿಲ್ಲ ಎಂಬುದಕ್ಕೆ 1945–46ರ ಜನರಲ್ ಮೋಟಾರ್ಸ್ ಮುಷ್ಕರವೇ ಸಾಕ್ಷಿ. ಕೂಲಿಯನ್ನು ಶೇ 30ರಷ್ಟು ಏರಿಸಬೇಕು, ಕಾರಿನ ಬೆಲೆಯನ್ನು ಏರಿಸಕೂಡದು; ಆಗದು ಎನ್ನುವುದಾದರೆ ಲೆಕ್ಕದ ಪುಸ್ತಕಗಳನ್ನು ತೆರೆದು ತೋರಿಸಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಕಾರ್ಮಿಕನ ಲಾಭ ಗ್ರಾಹಕನ ನಷ್ಟವಾಗಬಾರದು ಎಂಬುದು ಅದರ ಹಿಂದಿನ ಅರ್ಥಶಾಸ್ತ್ರ. 113 ದಿನಗಳ ಬಳಿಕ ಗಂಟೆಗೆ ಹದಿನೆಂಟೂವರೆ ಸೆಂಟುಗಳ ಏರಿಕೆ ಸಿಕ್ಕಿತು. ಪುಸ್ತಕ ತೆರೆಯಲಿಲ್ಲ, ಬೆಲೆ ನಿಗದಿ ಆಡಳಿತ ಮಂಡಳಿಯ ಹಕ್ಕಾಗಿಯೇ ಉಳಿಯಿತು. ಅದೇ ತಿಂಗಳು ರೂಥರ್ ಸಂಘದ ಅಧ್ಯಕ್ಷರಾದರು.

1948ರ ಏಪ್ರಿಲ್ 20ರ ರಾತ್ರಿ ಮನೆಯ ಅಡುಗೆಕೋಣೆಯಲ್ಲಿದ್ದಾಗ ಕಿಟಕಿಯಾಚೆಯಿಂದ ಯಾರೋ ಗುಂಡು ಹಾರಿಸಿದರು. ಬಲಗೈ ಮತ್ತೆಂದೂ ಮೊದಲಿನಂತಾಗಲಿಲ್ಲ. ಮರುವರ್ಷ ವಿಕ್ಟರ್ ಮೇಲೂ ಗುಂಡು ಹಾರಿ ಬಲಗಣ್ಣು ಹೋಯಿತು. ಎರಡು ಪ್ರಕರಣಗಳಲ್ಲೂ ಯಾರಿಗೂ ಶಿಕ್ಷೆಯಾಗಲಿಲ್ಲ.

1948ರ ಮೇ ತಿಂಗಳ ಒಪ್ಪಂದದಲ್ಲಿ, ರೂಥರ್ ಗುಂಡೇಟಿನಿಂದ ಚೇತರಿಸಿಕೊಳ್ಳುತ್ತಿದ್ದಾಗಲೇ, ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಕೂಲಿ ಏರಿಳಿಯುವ ವ್ಯವಸ್ಥೆ ಜನರಲ್ ಮೋಟಾರ್ಸ್‌ನಲ್ಲಿ ಜಾರಿಗೆ ಬಂತು. ನಮ್ಮ ಸರ್ಕಾರಿ ನೌಕರರು ತುಟ್ಟಿಭತ್ಯೆ ಎಂದು ಕರೆಯುವುದರ ಸೋದರಸಂಬಂಧಿ ಇದು. 1949ರಲ್ಲಿ ಫೋರ್ಡ್ ಪಿಂಚಣಿಗೆ ಒಪ್ಪಿತು. 1950ರಲ್ಲಿ ಜನರಲ್ ಮೋಟಾರ್ಸ್ ಜೊತೆ ಆದ ಐದು ವರ್ಷಗಳ ಒಪ್ಪಂದ ಡೆಟ್ರಾಯಿಟ್ ಸಂಧಿ ಎಂದೇ ಹೆಸರಾಯಿತು: ಪಿಂಚಣಿ, ಆರೋಗ್ಯ ವಿಮೆ, ಉತ್ಪಾದಕತೆಗೆ ತಕ್ಕ ವಾರ್ಷಿಕ ಏರಿಕೆ. 1955ರಲ್ಲಿ ಕೆಲಸವಿಲ್ಲದ ವಾರಗಳಿಗೂ ಕಂಪನಿಯ ನಿಧಿಯಿಂದ ಪೂರಕ ಭತ್ಯೆ ದೊರೆಯಿತು. ಎರಡು ದಶಕಗಳ ಹಿಂದೆ ಗೇಟಿನ ಮುಂದೆ ಕೆಲಸಕ್ಕಾಗಿ ಸರತಿ ನಿಲ್ಲುತ್ತಿದ್ದವರ ಮಕ್ಕಳು ಸ್ವಂತ ಮನೆ ಕಟ್ಟಿದರು, ಕಾಲೇಜಿಗೆ ಹೋದರು. ಬಡತನವನ್ನು ಒಂದೇ ತಲೆಮಾರಿನಲ್ಲಿ ಹೀಗೆ ದಾಟಿದ ಉದಾಹರಣೆಗಳು ಇತಿಹಾಸದಲ್ಲಿ ವಿರಳ.

ಆದರೆ ನೆಲ ಆಗಲೇ ಕುಸಿಯತೊಡಗಿತ್ತು. ಯಂತ್ರಗಳು ಮನುಷ್ಯರ ಜಾಗಕ್ಕೆ ಬರುತ್ತಿದ್ದವು. ಕಂಪನಿಗಳು ಹೊಸ ಕಾರ್ಖಾನೆಗಳನ್ನು ಹೊರವಲಯಗಳಿಗೂ ಸಂಘಗಳಿಲ್ಲದ ದಕ್ಷಿಣದ ರಾಜ್ಯಗಳಿಗೂ ಒಯ್ಯುತ್ತಿದ್ದವು. 1947ರಿಂದ 1963ರ ನಡುವೆ ಡೆಟ್ರಾಯಿಟ್ ನಗರವೊಂದೇ ಸುಮಾರು 1.3 ಲಕ್ಷ ತಯಾರಿಕಾ ಉದ್ಯೋಗಗಳನ್ನು ಕಳೆದುಕೊಂಡಿತು. 1956ರಲ್ಲಿ ಅಲ್ಲಿ ಪ್ಯಾಕರ್ಡ್ ಕಾರಿನ ತಯಾರಿಕೆ ನಿಂತಿತು. ಅದೇ ವರ್ಷ ರೂಥರ್ ಭಾರತಕ್ಕೆ ಬಂದು ಪ್ರಧಾನಿ ನೆಹರೂ ಅವರನ್ನು ಕಂಡು, ಇಲ್ಲಿಯ ಕಾರ್ಮಿಕ ಸಂಘಟನೆಗಳೊಡನೆ ಮಾತನಾಡಿ ಹೋದರು.

ಕಠಿಣ ಪರೀಕ್ಷೆ ಬಂದದ್ದು 1963ರ ಡಿಸೆಂಬರ್‌ನಲ್ಲಿ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಸ್ಟುಡ್‌ಬೇಕರ್ ಕಾರು ಕಾರ್ಖಾನೆ ಮುಚ್ಚಿತು. ಪಿಂಚಣಿ ನಿಧಿಯಲ್ಲಿ ಎಲ್ಲರಿಗೂ ಸಾಲುವಷ್ಟು ಹಣವಿರಲಿಲ್ಲ. 60 ದಾಟಿದವರಿಗೆ ಪೂರ್ತಿ ಸಿಕ್ಕಿತು. 40ರಿಂದ 59ರ ನಡುವಿನ ಸುಮಾರು 4,000 ಮಂದಿಗೆ ತಮಗೆ ಬರಬೇಕಾದುದರಲ್ಲಿ ಶೇ 15ರಷ್ಟು ಮಾತ್ರ ಬಂತು. ಇನ್ನೂ ಕಿರಿಯರಿಗೆ ಏನೂ ಇಲ್ಲ. ಒಪ್ಪಂದ ಕಾಗದದ ಮೇಲಿತ್ತು, ಕಂಪನಿಯೇ ಇರಲಿಲ್ಲ. ಪಿಂಚಣಿಗಳಿಗೆ ಸರ್ಕಾರಿ ವಿಮೆ ಬೇಕೆಂದು ರೂಥರ್ ಅವರ ಸಂಘ ಒತ್ತಾಯಿಸಿತು. ಕಾನೂನು ಬಂದದ್ದು ಅವರು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1974ರಲ್ಲಿ.

ಅವರ ಮಿತಿಗಳನ್ನೂ ಹೇಳಬೇಕು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಡೆಟ್ರಾಯಿಟ್‌ನಲ್ಲಿ ಹೆಜ್ಜೆ ಹಾಕಿದವರು, ವಾಷಿಂಗ್ಟನ್ ಮೆರವಣಿಗೆಯಲ್ಲಿ ಮಾತನಾಡಿದವರು ಅವರು. ಆದರೂ ಅವರದೇ ಸಂಘದ ಕಾರ್ಯಕಾರಿ ಮಂಡಳಿಗೆ ಮೊದಲ ಕಪ್ಪು ಸದಸ್ಯ ಬಂದದ್ದು 1962ರಲ್ಲಿ. ನುರಿತ ಕಸುಬುಗಳಲ್ಲಿ ಕಪ್ಪು ಕಾರ್ಮಿಕರು ಬೆರಳೆಣಿಕೆಯಷ್ಟಿದ್ದರು. ಬಿಸಿ, ಹೊಗೆ, ದೂಳಿನ ವಿಭಾಗಗಳೇ ಅವರ ಪಾಲಾಗಿದ್ದವು. ಕಾರ್ಖಾನೆಗಳು ಊರು ಬಿಟ್ಟಾಗ ಮೊದಲು ಬೀದಿಗೆ ಬಿದ್ದವರೂ ಅವರೇ. 1967ರ ಡೆಟ್ರಾಯಿಟ್ ಗಲಭೆಯಲ್ಲಿ 43 ಮಂದಿ ಸತ್ತರು. ಮರುವರ್ಷ ಕಪ್ಪು ಕಾರ್ಮಿಕರು ರೂಥರ್ ಅವರ ಸಂಘದ ವಿರುದ್ಧವೇ ತಮ್ಮದೇ ಸಂಘಟನೆ ಕಟ್ಟಿಕೊಂಡರು.

ಕೊನೆಯ ವರ್ಷಗಳಲ್ಲಿ ಅವರು ರಾಷ್ಟ್ರೀಯ ಆರೋಗ್ಯ ವಿಮೆಗಾಗಿ ಸಮಿತಿಯೊಂದನ್ನು ಕಟ್ಟಿದರು. ಒಪ್ಪಂದಗಳ ಮೂಲಕ ತಾವು ಗಳಿಸಿಕೊಟ್ಟದ್ದು ದೇಶದ ಎಲ್ಲ ಪ್ರಜೆಗಳಿಗೂ ದೊರೆಯಬೇಕು ಎಂಬುದು ಅವರ ಮೊದಲಿನ ಆಸೆಯೂ ಆಗಿತ್ತು. ಪಿಂಚಣಿಯ ಹೊರೆ ತಾಳದ ಕಂಪನಿಗಳೇ ಮುಂದಾಗಿ ಸರ್ಕಾರದ ಸಾಮಾಜಿಕ ಭದ್ರತೆಯನ್ನು ಹೆಚ್ಚಿಸುವಂತೆ ಕೇಳುತ್ತವೆ ಎಂದು ಅವರು ನಂಬಿದ್ದರು. ಆ ನಂಬಿಕೆ ಅವರು ಎಣಿಸಿದಂತೆ ಫಲಿಸಲಿಲ್ಲ. ಕಾರ್ಮಿಕನ ಔಷಧ, ಮುಪ್ಪು, ಕೆಲಸವಿಲ್ಲದ ದಿನಗಳ ಊಟ ಎಲ್ಲವೂ ಒಂದು ಗೇಟಿಗೆ ಕಟ್ಟಿಕೊಂಡೇ ಉಳಿದವು.

ಗೇಟು ಮುಚ್ಚಿದಾಗ ಏನಾಯಿತೆಂಬುದನ್ನು ಅಂಕಿಅಂಶಗಳೇ ಹೇಳುತ್ತವೆ. ಅಮೆರಿಕದ ತಯಾರಿಕಾ ಉದ್ಯೋಗಗಳು 1979ರಲ್ಲಿ ಸುಮಾರು 1.95 ಕೋಟಿಯಷ್ಟಿದ್ದವು, 2010ರ ಹೊತ್ತಿಗೆ 1.15 ಕೋಟಿಗೆ ಇಳಿದವು. ಡೆಟ್ರಾಯಿಟ್‌ನ ಜನಸಂಖ್ಯೆ 1950ರಲ್ಲಿ 18.5 ಲಕ್ಷ, 2020ರಲ್ಲಿ 6.4 ಲಕ್ಷ. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಯಾಯಿತು, 2013ರಲ್ಲಿ ನಗರಾಡಳಿತವೇ ದಿವಾಳಿ ಘೋಷಿಸಿತು. ಫ್ಲಿಂಟ್‌ನಲ್ಲಿ 2014ರಲ್ಲಿ ಖರ್ಚು ಉಳಿಸಲೆಂದು ನದಿಯ ನೀರನ್ನು ನಲ್ಲಿಗೆ ಬಿಟ್ಟರು. ಆ ನೀರು ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಸುತ್ತದೆಂದು ಅದೇ ವರ್ಷ ಜನರಲ್ ಮೋಟಾರ್ಸ್ ಬೇರೆ ನೀರಿಗೆ ಬದಲಾಯಿಸಿಕೊಂಡಿತು. ಜನರು ಸೀಸ ಬೆರೆತ ನೀರನ್ನು ಮತ್ತೂ ಒಂದು ವರ್ಷ ಕುಡಿದರು. 2009ರಲ್ಲಿ ಕಾರ್ಮಿಕರು ಬಿಟ್ಟುಕೊಟ್ಟಿದ್ದ ತುಟ್ಟಿಭತ್ಯೆಯನ್ನು ಮರಳಿ ಪಡೆಯಲು 2023ರಲ್ಲಿ ಮತ್ತೆ ಮುಷ್ಕರವೇ ಬೇಕಾಯಿತು.

ಜಿಲ್ಲೆಯೊಂದರಲ್ಲಿ ನಾನು ಅಧಿಕಾರಿಯಾಗಿದ್ದಾಗ, ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಕಾರ್ಮಿಕರು ಬಾಕಿ ಹಣಕ್ಕಾಗಿ ಅರ್ಜಿ ಹಿಡಿದು ಬರುತ್ತಿದ್ದರು. ಅವರಲ್ಲೊಬ್ಬ ಹಿರಿಯರು ಪ್ರತಿ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಿರಣಿಯ ಗುರುತಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದರು. ನಾನು ಕಡತದ ಮೇಲೆ ಮುಂದಿನ ಕ್ರಮಕ್ಕಾಗಿ ಎಂದು ಬರೆದು ಕಳಿಸುತ್ತಿದ್ದೆ. ನನ್ನ ವರ್ಗಾವಣೆಯಾಗುವವರೆಗೂ ಅವರಿಗೆ ಹಣ ಬರಲಿಲ್ಲ.

ಈಗ ತಿಂಗಳ ಕೊನೆಗೆ ನನ್ನ ಖಾತೆಗೆ ಪಿಂಚಣಿ ತಾನಾಗಿ ಬಂದು ಬೀಳುತ್ತದೆ, ಬೆಲೆ ಏರಿದರೆ ತುಟ್ಟಿಭತ್ಯೆಯೂ ಏರುತ್ತದೆ. ಯಾವ ಕಾರ್ಖಾನೆ ಮುಚ್ಚಿದರೂ ಅದಕ್ಕೆ ಧಕ್ಕೆಯಿಲ್ಲ. ನಾನು ಆ ಹಿರಿಯರಿಗಿಂತ ಹೆಚ್ಚು ದುಡಿದವನೇನಲ್ಲ. ನನ್ನ ಉದ್ಯೋಗದಾತ ಸರ್ಕಾರ, ಅವರದು ಗಿರಣಿ, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸವನ್ನು ಅಳಿಸಬೇಕೆಂದು ರೂಥರ್ ಜೀವನದುದ್ದಕ್ಕೂ ದುಡಿದರು, ಅರ್ಧ ದಾರಿ ಸಾಗಿದರು. ಉಳಿದ ಅರ್ಧ ಅಲ್ಲಿಯೂ ಇಲ್ಲಿಯೂ ಇನ್ನೂ ಬಾಕಿಯಿದೆ.