ಮುಗಿಲಾಚೆಯ ಕಣ್ಣು

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿ ಮಿನೆಸೋಟ ಎಂಬ ರಾಜ್ಯವುಂಟು. ಕಬ್ಬಿಣದ ಗಣಿಗಳೂ ದಟ್ಟವಾದ ಕಾಡುಗಳೂ ಆ ಸೀಮೆಯ ಸಂಪತ್ತು. 1918ರ ಅಕ್ಟೋಬರಿನಲ್ಲಿ ಅಲ್ಲಿನ ಕ್ಲೋಕೆ ಪಟ್ಟಣದ ಸುತ್ತಮುತ್ತ ಹಬ್ಬಿದ ಕಾಡುಕಿಚ್ಚಿಗೆ 400ಕ್ಕೂ ಹೆಚ್ಚು ಮಂದಿ ಆಹುತಿಯಾದರು. ಬೆಂಕಿ ಎತ್ತ ಸಾಗಿದೆ, ಹೊಗೆ ಯಾವ ಊರನ್ನು ಮುಸುಕಲಿದೆ ಎಂಬುದನ್ನು ಮೇಲಿನಿಂದ ನೋಡಿ ತಿಳಿಸಬಲ್ಲ ಕಣ್ಣು ಅಂದು ಇರಲಿಲ್ಲ. ಅಂತಹ ಕಣ್ಣನ್ನು ಮುಂದೆ ರೂಪಿಸಿದ ವರ್ನರ್ ಸುವೋಮಿಯವರು ಅದೇ ರಾಜ್ಯದ ಎವೆಲೆತ್ ಎಂಬ ಗಣಿಯೂರಿನಲ್ಲಿ ಆಗ ಮೂರು ವರ್ಷ ತುಂಬದ ಮಗು.

ಸುವೋಮಿಯವರು ಹುಟ್ಟಿದ್ದು 1915ರ ಡಿಸೆಂಬರ್ 6ರಂದು. ಅವರದು ಫಿನ್ಲೆಂಡ್ ಮೂಲದ ಮನೆತನ. ಫಿನ್ನಿಷ್ ಭಾಷೆಯಲ್ಲಿ ಆ ದೇಶದ ಹೆಸರೇ ಸುವೋಮಿ. ಶಿಕ್ಷಕರ ತರಬೇತಿ ಪಡೆದು ಅವರು ಕೆಲವು ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿದರು. ಕಠಿಣವಾದುದನ್ನು ಸುಲಭದ ದಾರಿಯಿಂದ ಬಿಡಿಸುವ ಅವರ ಅಭ್ಯಾಸಕ್ಕೆ ಶಾಲೆಯ ಕರಿಹಲಗೆಯೂ ಕಾರಣವಾಗಿದ್ದಿರಬೇಕೆಂದು ನನ್ನ ಭಾವನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಹವಾಮಾನ ಶಾಸ್ತ್ರವನ್ನು ಕಲಿತು, 1948ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಜೋಳದ ಜಾತಿಯ ಮೆಕ್ಕೆಜೋಳದ ಹೊಲವೊಂದು ಎಷ್ಟು ಶಾಖವನ್ನು ಪಡೆಯುತ್ತದೆ, ಎಷ್ಟನ್ನು ಬಿಟ್ಟುಕೊಡುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. ಹೊಲದ ಲೆಕ್ಕವನ್ನು ಭೂಮಂಡಲಕ್ಕೇ ಹಚ್ಚಲು ಅವರು ಹೊರಟರು. 1959ರಲ್ಲಿ ಎಕ್ಸ್‌ಪ್ಲೋರರ್-7 ಉಪಗ್ರಹವು ಅವರೂ ರಾಬರ್ಟ್ ಪೇರೆಂಟ್ ಎಂಬ ಇಂಜಿನಿಯರರೂ ರಚಿಸಿದ ಶಾಖಮಾಪಕವನ್ನು ಹೊತ್ತು ಮೇಲೇರಿತು.

ಆ ಕಾಲದ ಹವಾಮಾನ ಉಪಗ್ರಹಗಳು ತಗ್ಗಿನ ಕಕ್ಷೆಯಲ್ಲಿ ಓಡುತ್ತಿದ್ದುವು. ಒಂದು ಸ್ಥಳವನ್ನು ಕ್ಷಣಕಾಲ ಕಂಡು ಮುಂದೆ ಸಾಗಿಬಿಡುತ್ತಿದ್ದುವು. ಗಳಿಗೆಗೊಂದು ರೂಪ ತಾಳುವ ಮೋಡವನ್ನಾಗಲಿ ಹೊಗೆಯನ್ನಾಗಲಿ ಹೀಗೆ ಹಿಂಬಾಲಿಸುವುದೆಂತು? ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುವ ಉಪಗ್ರಹವಾದರೆ ಒಂದೇ ಕಡೆ ದೃಷ್ಟಿ ನೆಟ್ಟು ನಿಲ್ಲಬಲ್ಲುದು. ಆದರೆ ಅಲ್ಲಿಗೆ ಹೋಗಲಿದ್ದ ಎ.ಟಿ.ಎಸ್.-1 ಉಪಗ್ರಹವು ವಾಲದೆ ನಿಲ್ಲಲು ಬುಗುರಿಯಂತೆ ನಿಮಿಷಕ್ಕೆ ಸುಮಾರು 100 ಸುತ್ತು ತಿರುಗಬೇಕಾಗಿದ್ದಿತು. ತಿರುಗುವ ಬುಗುರಿಯ ಮೇಲಿನಿಂದ ಚಿತ್ರ ತೆಗೆಯಲಾದೀತೆ?

ಸುವೋಮಿಯವರು ಆ ತಿರುಗುವಿಕೆಯನ್ನೇ ದುಡಿಸಿಕೊಂಡರು. ಒಂದು ಸುತ್ತಿಗೆ ಅವರ ಕ್ಯಾಮರಾ ಭೂಮಿಯ ಒಂದು ಕಿರುಪಟ್ಟಿಯನ್ನು ಮಾತ್ರ ನೋಡುವುದು. ಮರುಸುತ್ತಿಗೆ ಅದರ ದೃಷ್ಟಿ ತುಸುವೇ ಸರಿದು ಪಕ್ಕದ ಪಟ್ಟಿಯನ್ನು ನೋಡುವುದು. ಮಗ್ಗದಲ್ಲಿ ಎಳೆಯ ಬಳಿ ಎಳೆ ಕೂಡುವಂತೆ, ಸುಮಾರು 20 ನಿಮಿಷಗಳಲ್ಲಿ ಭೂಮಿಯ ಇಡೀ ಮುಖದ ಚಿತ್ರ ಸಿದ್ಧವಾಗುವುದು. 1966ರ ಡಿಸೆಂಬರಿನಲ್ಲಿ ಹಾರಿದ ಉಪಗ್ರಹವು ಅಂತಹ ಚಿತ್ರಗಳನ್ನು ಕಳುಹಿಸಿತು. ಅವುಗಳನ್ನು ಒಂದರ ಹಿಂದೊಂದು ಓಡಿಸಿದಾಗ ಮೋಡಗಳು ನಡೆಯುವುದನ್ನು ಮನುಷ್ಯನು ಕಂಡನು.

ಮೋಡಕ್ಕೆ ಸಂದ ಉಪಾಯ ಹೊಗೆಗೂ ಸಂದಿತು. ತೆಳುವಾದ ಹೊಗೆ ನಡುಹಗಲಿನ ಚಿತ್ರದಲ್ಲಿ ಸುಲಭವಾಗಿ ತೋರದು. ಬೆಳಗು ಬೈಗುಗಳ ಓರೆಬಿಸಿಲಿನಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಅದರಡಿಯ ಬೆಂಕಿಯನ್ನು ಅವರೋಹಿತ ಕಿರಣಗಳು, ಎಂದರೆ ಕಣ್ಣಿಗೆ ಕಾಣದ ಶಾಖಕಿರಣಗಳು, ಹೊಗೆಯನ್ನು ತೂರಿಬಂದು ತಿಳಿಸುತ್ತವೆ. ಎರಡನ್ನೂ ಕೂಡಿಸಿ ನೋಡಿದರೆ ಹೊಗೆಯ ಹುಟ್ಟೂ ಹಾದಿಯೂ ತಿಳಿಯುತ್ತವೆ. 2023ರ ಜೂನ್ ತಿಂಗಳಲ್ಲಿ ಕೆನಡದ ಕ್ವಿಬೆಕ್ ಪ್ರಾಂತದ ಕಾಡುಗಳು ಉರಿದಾಗ ನ್ಯೂಯಾರ್ಕಿನ ಆಕಾಶ ಕಿತ್ತಳೆಯ ಬಣ್ಣಕ್ಕೆ ತಿರುಗಿತು. ಆ ತಿಂಗಳು ಮುಗಿಯುವುದರೊಳಗೆ ಹೊಗೆ ಅಟ್ಲಾಂಟಿಕ್ ಸಾಗರವನ್ನೇ ದಾಟಿ ಯೂರೋಪನ್ನು ಮುಟ್ಟಿತು. ಅದರ ನಡಿಗೆಯನ್ನು ಉಪಗ್ರಹಗಳು ಬಿಡದೆ ಹಿಂಬಾಲಿಸಿದುವು.

ಸುವೋಮಿಯವರು 1995ರ ಜುಲೈ 30ರಂದು ತೀರಿಕೊಂಡರು. 2011ರಲ್ಲಿ ಹಾರಿದ ಉಪಗ್ರಹವೊಂದಕ್ಕೆ ಮರುವರ್ಷ ಅವರ ಹೆಸರನ್ನಿಟ್ಟರು. ಅದು ಒಂದೆಡೆ ನಿಲ್ಲುವ ಬಗೆಯದಲ್ಲ, ಧ್ರುವದಿಂದ ಧ್ರುವಕ್ಕೆ ತಗ್ಗಿನಲ್ಲಿ ಓಡುವಂಥದು. ಆದುದರಿಂದಲೇ ಸಣ್ಣ ಕಿಚ್ಚನ್ನೂ ಗುರುತಿಸಬಲ್ಲುದು. ಅದರ ಉಪಕರಣವು ಕಂಡ ಬೆಂಕಿಯ ಸುದ್ದಿಯನ್ನು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ರಾಜ್ಯಗಳ ಅರಣ್ಯ ಇಲಾಖೆಗಳಿಗೆ ಮುಟ್ಟಿಸುತ್ತ ಬಂದಿದೆ. ನಮ್ಮ ಪಶ್ಚಿಮ ಘಟ್ಟಗಳ ಕಾಡುಗಳೂ ಅದರ ದೃಷ್ಟಿಗೆ ಒಳಪಟ್ಟಿವೆ.