ಜಾತಿ ಕೇಳಿದ ಸರ್ಕಾರ, ನಾಡಿ ಹಿಡಿದ ಡಾಕ್ಟರ್

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅನುಕೂಲಸ್ಥರು ಊರು ಬಿಟ್ಟರು. ಬಡವರು ಎಲ್ಲಿಗೆ ಹೋಗಬೇಕು? ಪೇಟೆಯ ಇಕ್ಕಟ್ಟಿನಲ್ಲೇ ಉಳಿದರು. ಅವರಿಗಾಗಿ ಪ್ಲೇಗ್ ಕ್ಯಾಂಪಿನಲ್ಲಿ ದುಡಿದವರು ಡಾ. ಪದ್ಮನಾಭನ್ ಪಲ್ಪು.

1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಪಲ್ಪು, ಮದರಾಸಿನಲ್ಲಿ ಡಾಕ್ಟರಿಕೆ ಓದಿದರು. ತಿರುವಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ. ಕಾರಣ ಇಷ್ಟೇ, ಅವರು ಈಳವರು. ಕೆಲಸ ಕೊಟ್ಟಿದ್ದು ಮೈಸೂರು ಸಂಸ್ಥಾನ.

ಆಗ ಜನ ರೋಗಕ್ಕೆ ಹೆದರಿದಷ್ಟೇ ಸರ್ಕಾರಕ್ಕೂ ಹೆದರುತ್ತಿದ್ದರು. ಮನೆ ತಪಾಸಣೆ, ರೋಗಿಯನ್ನು ಎತ್ತಿಕೊಂಡು ಹೋಗುವುದು, ಸಾಮಾನು ಸುಡುವುದು ಯಾರಿಗೆ ಬೇಕಿತ್ತು? ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಆಯ್ತು. ನಂಬಿಕೆ ಇಲ್ಲದ ಕಡೆ ಔಷಧಿಯೂ ಕೆಲಸ ಮಾಡಲ್ಲ.

ಪಲ್ಪು ಇಲ್ಲಿ ರೋಗಿಗಳನ್ನು ನೋಡುತ್ತಲೇ ಅಲ್ಲಿ ತಮ್ಮವರಿಗಾಗಿ ಹೋರಾಡಿದರು. ಶಾಲೆ, ಸರ್ಕಾರಿ ಕೆಲಸ ಕೇಳಿ 1896ರಲ್ಲಿ 13,176 ಸಹಿಗಳ ಮನವಿ ಕೊಟ್ಟರು. 1903ರಲ್ಲಿ ನಾರಾಯಣ ಗುರುಗಳ ಜೊತೆ ಎಸ್‌ಎನ್‌ಡಿಪಿ ಕಟ್ಟಿದರು. ತೀರಿಕೊಂಡಿದ್ದು 1950ರ ಜನವರಿ 25ರಂದು, ಸಂವಿಧಾನ ಜಾರಿಯಾಗುವ ಹಿಂದಿನ ದಿನ.

ಕೊಳೆಗೇರಿಗೆ ಕ್ಲಿನಿಕ್ ಬೇಕು, ಸರಿ. ಅದರೊಳಗೆ ಡಾಕ್ಟರ್ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಹೊರಗೆ ಕಸ ಯಾರು ಎತ್ತುತ್ತಾರೆ ಅನ್ನೋದೂ ಆರೋಗ್ಯದ ಪ್ರಶ್ನೆಯೇ. ಪಲ್ಪು ಬದುಕು ಕೇಳಿದ್ದು ಇದನ್ನೇ.