ದಾನಚಿಂತಾಮಣಿ ಅತ್ತಿಮಬ್ಬೆಯ ಪುಣ್ಯಚರಿತ್ರೆ

ಕನ್ನಡ ನಾಡಿನಲ್ಲಿ ಬಸದಿ ಕಟ್ಟಿಸಿದವರು, ಕೆರೆ ತೋಡಿಸಿದವರು, ಭೂಮಿ ಬಿಟ್ಟುಕೊಟ್ಟವರು ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಆದರೆ ದಾನಚಿಂತಾಮಣಿ ಅಂದ ಕೂಡಲೇ ನೆನಪಿಗೆ ಬರುವ ಹೆಸರು ಒಂದೇ, ಅತ್ತಿಮಬ್ಬೆ. ಸಾವಿರ ವರ್ಷಗಳ ಹಿಂದೆ ಬಾಳಿದ ಈ ಮಹಾತಾಯಿ ಪಟ್ಟದ ರಾಣಿಯಲ್ಲ. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡು, ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ಬದುಕು ನಡೆಸಿದ ಹೆಣ್ಣುಮಗಳು. ಅಂಥ ದುಃಖದಿಂದ ಇಷ್ಟು ದೊಡ್ಡ ದಾನ ಹೇಗೆ ಹುಟ್ಟಿತು ಎಂಬುದನ್ನು ಭಕ್ತಾದಿಗಳು ತಿಳಿಯಬೇಕು.

ತವರುಮನೆ

ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ. ಚಿಕ್ಕಪ್ಪ ಪುನ್ನಮಯ್ಯ. ಇವರದು ವೆಂಗಿ ನಾಡಿನ ಕಡೆಯ ಜೈನ ಮನೆತನ. ಶೌರ್ಯಕ್ಕೂ ವಿದ್ಯೆಗೂ ಹೆಸರಾದವರು. ಇವರ ಗುರುಗಳಾದ ಜಿನಚಂದ್ರ ದೇವರು ದೇಹ ಬಿಟ್ಟಾಗ ಅಣ್ಣತಮ್ಮಂದಿರಿಗೆ ತುಂಬಾ ದುಃಖವಾಯಿತು. ಆ ಗುರುಗಳ ನೆನಪು ಉಳಿಯಲಿ ಅಂತ ಕವಿಚಕ್ರವರ್ತಿ ಪೊನ್ನನಿಂದ ಹದಿನಾರನೆಯ ತೀರ್ಥಂಕರರಾದ ಶಾಂತಿನಾಥರ ಚರಿತೆಯನ್ನು ಬರೆಸಿದರು. ಅದೇ ‘ಶಾಂತಿಪುರಾಣ’. ಹೋದವರಿಗಾಗಿ ಅತ್ತು ಸುಮ್ಮನಾಗದೆ, ಹತ್ತು ಜನಕ್ಕೆ ಬೆಳಕಾಗುವ ಕೆಲಸವನ್ನು ಅವರ ಹೆಸರಿನಲ್ಲಿ ಮಾಡಬೇಕು ಎಂಬ ಪಾಠವನ್ನು ಅತ್ತಿಮಬ್ಬೆ ಕಲಿತದ್ದು ತವರಿನಲ್ಲೇ.

ಬರಸಿಡಿಲು

ಕ್ರಿ.ಶ. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಮುಗಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದನು. ಅವನ ಮಂತ್ರಿ ದಲ್ಲಪ. ದಲ್ಲಪನ ಮಗ ವೀರನಾದ ನಾಗದೇವ. ಈ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಿದರು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಗಂಡುಮಗು ಹುಟ್ಟಿತು.

ಅಷ್ಟರಲ್ಲಿ ನಾಗದೇವ ಯುದ್ಧದಲ್ಲಿ ಮಡಿದನು. ಗುಂಡಮಬ್ಬೆ ಅಂದಿನ ಕಾಲದ ಪದ್ಧತಿಯಂತೆ ಗಂಡನ ಜೊತೆಗೇ ಸಹಗಮನ ಮಾಡಿದಳು. ಇಂದು ಆ ಪದ್ಧತಿಯನ್ನು ಕಾನೂನೂ ಒಪ್ಪುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ. ಗಂಡನೂ ಹೋದ, ಒಡಹುಟ್ಟಿದ ತಂಗಿಯೂ ಹೋದಳು. ಒಂದೇ ಮನೆಯಲ್ಲಿ ಎರಡು ಸಾವು. ಉಳಿದವಳು ಅತ್ತಿಮಬ್ಬೆ, ಜೊತೆಗೆ ಎಳೆಯ ಮಗು.

ಸಾಯುವುದಕ್ಕಿಂತ ಬದುಕಿ ಉಳಿಯುವುದೇ ಕಷ್ಟ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಆ ಕಷ್ಟದ ದಾರಿಯನ್ನೇ ಈ ತಾಯಿ ಹಿಡಿದಳು. ದುಃಖವನ್ನು ಮುಚ್ಚಿಡಲಿಲ್ಲ, ಅದರಲ್ಲೇ ಮುಳುಗಿಯೂ ಹೋಗಲಿಲ್ಲ. ವ್ರತ, ಉಪವಾಸ, ಜಿನಪೂಜೆಗಳಲ್ಲಿ ಮನಸ್ಸನ್ನು ನಿಲ್ಲಿಸಿದಳು. ಸಂಸಾರದಲ್ಲಿದ್ದೂ ತಪಸ್ವಿನಿಯಂತೆ ಬಾಳಿದಳು. ಮಗನನ್ನು ಸಾಕಿ ಬೆಳೆಸಿದಳು.

ಸಾವಿರ ಪ್ರತಿಗಳ ದಾನ

ಆಗ ಅಚ್ಚುಕೂಟ ಇಲ್ಲ, ಕಾಗದವೂ ಇಲ್ಲ. ಪುಸ್ತಕ ಅಂದರೆ ತಾಳೆಗರಿ. ಗರಿಯನ್ನು ಹದ ಮಾಡಿ, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮೇಲೆ ಮಸಿ ಸವರಬೇಕು. ಒಂದು ಪುರಾಣ ಬರೆದು ಮುಗಿಸಲು ಲಿಪಿಕಾರನಿಗೆ ಎಷ್ಟೋ ದಿನ ಹಿಡಿಯುತ್ತದೆ. ಹುಳ ತಿಂದರೆ, ಬೆಂಕಿ ಬಿದ್ದರೆ ಅಲ್ಲಿಗೆ ಮುಗೀತು. ಪ್ರತಿ ಇಲ್ಲದ ಕಾವ್ಯ ಹೇಳಹೆಸರಿಲ್ಲದೆ ಹೋಗುತ್ತದೆ.

ಅಂಥ ಕಾಲದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಸಿ ಹಂಚಿದಳು. ತಂದೆ, ಚಿಕ್ಕಪ್ಪ ಗುರುಗಳ ನೆನಪಿಗೆ ಬರೆಸಿದ ಪುಸ್ತಕವನ್ನು ಮಗಳು ಸಾವಿರ ಕೈಗಳಿಗೆ ಮುಟ್ಟಿಸಿದಳು. ಇದರ ಜೊತೆಗೆ ಬಂಗಾರ, ರತ್ನಗಳಿಂದ 1500 ಜಿನಬಿಂಬಗಳನ್ನು ಮಾಡಿಸಿ ದಾನ ಕೊಟ್ಟಳೆಂದು ಪ್ರಸಿದ್ಧಿ.

ದಾನದ ಧರ್ಮ

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನ ನಾಲ್ಕು ವಿಧ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಹೆದರಿದವನಿಗೆ ರಕ್ಷಣೆ, ತಿಳಿಯದವನಿಗೆ ಜ್ಞಾನ. ಕೊಟ್ಟರೆ ಸಾಲದು, ಕೊಡುವ ರೀತಿ, ಕೊಡುವ ವಸ್ತು, ಕೊಡುವವನ ಮನಸ್ಸು, ಪಡೆಯುವವನ ಯೋಗ್ಯತೆ ಈ ನಾಲ್ಕನ್ನೂ ನೋಡಬೇಕು ಅನ್ನುತ್ತದೆ ‘ತತ್ತ್ವಾರ್ಥಸೂತ್ರ’. ಹೆಸರಿಗಾಗಿ ಕೊಟ್ಟದ್ದು, ಅನ್ಯಾಯದ ಗಳಿಕೆಯಿಂದ ಕೊಟ್ಟದ್ದು, ಪಡೆಯುವವನನ್ನು ಕೀಳು ಮಾಡಿ ಕೊಟ್ಟದ್ದು ದಾನವಾಗದು. ಆದರೆ ಕಷ್ಟದಲ್ಲಿರುವ ಜೀವಿಗೆ ಕರುಣೆಯಿಂದ ಕೊಡುವಾಗ ಇವನಾರು, ಯಾವ ಕುಲ ಅಂತ ಕೇಳುವಂತಿಲ್ಲ. ಅದಕ್ಕೆ ದಯಾದತ್ತಿ ಎಂದು ಹೆಸರು.

ಅತ್ತಿಮಬ್ಬೆಯ ಬಾಳಿನಲ್ಲಿ ಈ ಧರ್ಮ ಎದ್ದು ಕಾಣುತ್ತದೆ. ಕವಿ ರನ್ನ ಮುದುವೊಳಲು, ಅಂದರೆ ಇಂದಿನ ಮುಧೋಳದವನು. ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಓದಬೇಕೆಂದು ಊರು ಬಿಟ್ಟು ಬಂದು ಅಜಿತಸೇನಾಚಾರ್ಯರಲ್ಲಿ ಕಲಿತನು. ಚಾವುಂಡರಾಯನ ಆಶ್ರಯವೂ ಅವನಿಗೆ ಸಿಕ್ಕಿತ್ತು. ಈ ಬಳೆಗಾರರ ಮಗನಿಂದ ಅತ್ತಿಮಬ್ಬೆ ಎರಡನೆಯ ತೀರ್ಥಂಕರರ ಚರಿತೆಯಾದ ‘ಅಜಿತಪುರಾಣ’ವನ್ನು ಬರೆಸಿದಳು. ಅದು ಮುಗಿದದ್ದು 993ರಲ್ಲಿ. ಅರವತ್ತು ಸಾವಿರ ಮಕ್ಕಳ ಸಾವಿನ ಸುದ್ದಿ ಕೇಳಿ ವೈರಾಗ್ಯ ತಾಳಿದ ಸಗರ ಚಕ್ರವರ್ತಿಯ ಕಥೆ ಇರುವುದು ಇದೇ ಪುರಾಣದಲ್ಲಿ. ಗಂಡನನ್ನೂ ತಂಗಿಯನ್ನೂ ಕಳೆದುಕೊಂಡ ತಾಯಿಗೆ ಆ ಕಥೆ ಪರಕೀಯವಾಗಿರಲಾರದು.

ರನ್ನನು ಅತ್ತಿಮಬ್ಬೆಯ ಗುಣಗಳನ್ನು ಕಾವ್ಯದಲ್ಲಿ ಮನಸಾರೆ ಕೊಂಡಾಡಿದ್ದಾನೆ. ತನ್ನ ಮಗಳಿಗೆ ಅತ್ತಿಮಬ್ಬೆ ಅಂತಲೇ ಹೆಸರಿಟ್ಟನು. ಮಗನಿಗೆ ಇಟ್ಟ ಹೆಸರು ರಾಯ. ಉಪಕಾರ ಪಡೆದವನು ಮಗಳನ್ನು ಕರೆದಾಗಲೆಲ್ಲ ಉಪಕಾರ ಮಾಡಿದವಳನ್ನು ನೆನೆಯುವುದು ಸಣ್ಣ ಮಾತಲ್ಲ.

ಬೆಟ್ಟದ ಮೇಲೆ ಮಳೆ

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಚಾವುಂಡರಾಯನು ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ್ದು 981ರಲ್ಲಿ. ಸ್ವಾಮಿಯ ದರ್ಶನವಾಗುವ ತನಕ ಅನ್ನ ಮುಟ್ಟುವುದಿಲ್ಲ ಅಂತ ಅತ್ತಿಮಬ್ಬೆ ವ್ರತ ತೊಟ್ಟು ಹೊರಟಳಂತೆ. ಬೆಟ್ಟ ಹತ್ತಿ ಬಳಲಿದ ಆ ತಾಯಿಯ ಆಯಾಸ ಪರಿಹಾರಕ್ಕೋ ಎಂಬಂತೆ, ಕಾಲವಲ್ಲದ ಕಾಲದಲ್ಲಿ ಮಳೆ ಸುರಿದು ಬೆಟ್ಟ ತಂಪಾಯಿತು ಎಂಬ ಪ್ರತೀತಿ ಇದೆ.

ಲಕ್ಕುಂಡಿಯ ಬಸದಿ

ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ. ಬಳಪದ ಕಲ್ಲಿನ ಆ ಬಸದಿಯ ಒಳಗೆ ನಾಲ್ಕು ಮುಖದ ಬ್ರಹ್ಮನ ಮತ್ತು ಪದ್ಮಾವತಿಯ ವಿಗ್ರಹಗಳಿವೆ. 1007ರ ಶಾಸನ ಈ ತಾಯಿಯ ದಾನವನ್ನು ಹೇಳುತ್ತದೆ. ಆಗ ಆಳುತ್ತಿದ್ದವನು ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗ. ಕರ್ನಾಟಕ ಸರ್ಕಾರವು ಲೇಖಕಿಯರಿಗೆ ಕೊಡುವ ಪ್ರಶಸ್ತಿಗೂ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರೇ ಇದೆ.

ಮನೆಯಲ್ಲಿ ಸಾವು ಕಂಡು, ಮನಸ್ಸಿಗೆ ನೆಮ್ಮದಿ ಬೇಕೆಂದು ಬೆಟ್ಟಕ್ಕೆ ಬರುವವರು ಎಷ್ಟೋ ಜನ. ಅಂಥವರು ಈ ತಾಯಿಯನ್ನು ಒಂದು ಗಳಿಗೆ ನೆನೆಯಬೇಕು. ಹೋದವರ ಹೆಸರಿನಲ್ಲಿ ಒಂದು ಮಗುವಿನ ಓದಿಗೆ, ಒಬ್ಬ ರೋಗಿಯ ಔಷಧಕ್ಕೆ, ಒಂದು ಹೊತ್ತಿನ ಅನ್ನಕ್ಕೆ ಕೈಲಾದಷ್ಟು ಕೊಡಬಹುದು. ಸಾವಿರ ಪ್ರತಿ ಆಗಬೇಕೆಂದಿಲ್ಲ. ಪಡೆದವರು ತಲೆ ತಗ್ಗಿಸದಂತೆ ಕೊಟ್ಟರೆ ಆಯಿತು.